ಸದ್ದಡಗಿದ ಸಬ್‌ವೂಫರ್: ಒಳಗಿನ ಆಂಪ್ಲಿಫೈಯರನ್ನು ಮನೆಯಲ್ಲೇ ದುರಸ್ತಿ ಮಾಡುವ ಕ್ರಮ

ಹೋಮ್ ಥಿಯೇಟರಿನ ಅಥವಾ 2.1 ಸ್ಪೀಕರ್ ಸೆಟ್ಟಿನ ಸಬ್‌ವೂಫರ್ ಕೆಟ್ಟಾಗ ಅನೇಕರು ಮೊದಲು ಮಾಡುವ ಕೆಲಸವೆಂದರೆ ಹೀಟ್‌ಸಿಂಕಿಗೆ (ಬಿಸಿ ಹೊರಹಾಕುವ ಲೋಹದ ತುಂಡು) ಬಿಗಿದಿರುವ, ಸಿಗ್ನಲನ್ನು ವರ್ಧಿಸುವ ಐಸಿಯನ್ನು ಕಿತ್ತು ಹೊಸದನ್ನು ಹಾಕುವುದು. ಸದ್ದು ಮರಳಿ ಬರಬಹುದು, ಆದರೆ ಕೆಲವೇ ದಿನಗಳಲ್ಲಿ ಹೊಸ ಐಸಿಯೂ ಸುಟ್ಟುಹೋಗುವುದು ಅಪರೂಪವಲ್ಲ. ಇಂತಹ ಐಸಿ ತಾನಾಗಿಯೇ ಕೆಡುವುದು ಕಡಿಮೆ. ರಾತ್ರಿ ಹೊತ್ತು ಏರುವ ಮೇನ್ಸ್ ವೋಲ್ಟೇಜ್, ಬೆಸುಗೆ ಬಿಟ್ಟ ಒಂದು ಕಾಲು, ಒಣಗಿದ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ), ಶಾರ್ಟ್ ಆದ ವಾಯ್ಸ್ ಕಾಯಿಲ್ (ಸ್ಪೀಕರಿನ ಕೋನನ್ನು ಅಲುಗಿಸುವ ತಂತಿಸುರುಳಿ) ಇವುಗಳಲ್ಲಿ ಯಾವುದೋ ಒಂದು ಅದನ್ನು ಕೊಂದಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಐಸಿ ಬದಲಿಸುವ ಹಂತ ತಡವಾಗಿ ಬರುತ್ತದೆ. ಅದಕ್ಕೆ ಮೊದಲು ವಿದ್ಯುತ್ ಬರುವ ದಾರಿಯನ್ನು ಪ್ಲಗ್ಗಿನಿಂದ ಆರಂಭಿಸಿ ಹಂತ ಹಂತವಾಗಿ ಪರೀಕ್ಷಿಸುವುದೇ ಮುಖ್ಯ ಕೆಲಸ.

ಇಲ್ಲಿ ಮಾದರಿಯಾಗಿ ತೆಗೆದುಕೊಂಡಿರುವುದು ನಮ್ಮ ಮನೆಗಳಲ್ಲಿ ತುಂಬ ಕಾಣುವ ರಚನೆಯನ್ನು: ಮರದ ಪೆಟ್ಟಿಗೆ, ಅದರ ಹಿಂಭಾಗದಲ್ಲಿ ಲೋಹದ ಫಲಕ, ಒಳಗೆ ಕಬ್ಬಿಣದ ತಿರುಳಿನ ಟ್ರಾನ್ಸ್‌ಫಾರ್ಮರ್, ಪ್ಲಸ್ ಮತ್ತು ಮೈನಸ್ ಎರಡೂ ಕೊಡುವ ಡ್ಯುಯಲ್ ಸಪ್ಲೈ, 4558 ಅಥವಾ ಟಿಎಲ್ 072 ಐಸಿ ಇರುವ, ಬೇಸನ್ನು ಮಾತ್ರ ಮುಂದೆ ಬಿಡುವ ಫಿಲ್ಟರ್ ಭಾಗ, ಕೊನೆಗೆ ಸ್ಪೀಕರನ್ನು ನಡೆಸುವ ಔಟ್‌ಪುಟ್ ಭಾಗದಲ್ಲಿ ಟಿಡಿಎ 2030ಎ, ಟಿಡಿಎ 2050, ಎಲ್‌ಎಂ 1875 ಅಥವಾ ಟಿಡಿಎ 7294 ಐಸಿ. ಟ್ರಾನ್ಸ್‌ಫಾರ್ಮರ್ ಬದಲು ಎಸ್‌ಎಂಪಿಎಸ್ (ಸ್ವಿಚಿಂಗ್ ಬಗೆಯ ಪವರ್ ಸಪ್ಲೈ) ಇರುವ ಹೊಸ ಮಾದರಿಗಳ ವಿಷಯವನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ಹೇಳಿದೆ. ಅವುಗಳಿಗೆ ಈ ಕ್ರಮವನ್ನು ಹಾಗೆಯೇ ಅನ್ವಯಿಸಬಾರದು. ವಾರಂಟಿ ಇನ್ನೂ ಇದ್ದರೆ ಸ್ಕ್ರೂಡ್ರೈವರ್ ಕೆಳಗಿಡುವುದೇ ಲೇಸು.

ಬೇಕಾಗುವ ಸಲಕರಣೆ

25 ವ್ಯಾಟಿನ ಸೋಲ್ಡರಿಂಗ್ ಐರನ್, 60/40 ಬೆಸುಗೆ ತಂತಿ, ಫ್ಲಕ್ಸ್, ಡೀಸೋಲ್ಡರಿಂಗ್ ಪಂಪ್, ಕಟ್ಟರ್, ಹೀಟ್‌ಸಿಂಕ್ ಪೇಸ್ಟ್ ಮತ್ತು ಮಲ್ಟಿಮೀಟರ್ ಇದ್ದರೆ ಬಹುಪಾಲು ಕೆಲಸ ಆಗುತ್ತದೆ. ಅಗ್ಗದ ಮಲ್ಟಿಮೀಟರುಗಳಲ್ಲಿ ಎಸಿ ಅಳೆಯಲು 200 ವೋಲ್ಟಿಗಿಂತ ಕೆಳಗಿನ ರೇಂಜ್ ಇರುವುದಿಲ್ಲ, ಹಾಗಾಗಿ ಅವುಗಳಿಂದ ಸಿಗ್ನಲ್ ಹಿಡಿಯಲಾಗದು. ಡಿಸಿ ಅಳತೆಗಳಿಗೆ ಮಾತ್ರ ಅವು ಸಾಕಷ್ಟು ನಂಬಿಕೆಗೆ ಅರ್ಹ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಮೆಕ್ಯಾನಿಕ್‌ಗಳು ಸೀರೀಸ್ ಬೋರ್ಡ್ ಎಂದು ಕರೆಯುವ ಸಾಧನ. ಒಂದು ಮರದ ಹಲಗೆಯ ಮೇಲೆ ಒಂದು ಬಲ್ಬ್ ಹೋಲ್ಡರ್, ಒಂದು ಸಾಕೆಟ್ ಮತ್ತು ಒಂದು ಸ್ವಿಚ್ ಕೂಡಿಸಿ, ಫೇಸ್ ತಂತಿ ಬಲ್ಬಿನ ಮೂಲಕವೇ ಹಾದು ಸಾಕೆಟ್ ಸೇರುವಂತೆ ಜೋಡಿಸಬೇಕು. ನ್ಯೂಟ್ರಲ್ ಮತ್ತು ಅರ್ತ್ ತಂತಿಗಳು ನೇರವಾಗಿ ಸಾಕೆಟ್ಟಿಗೆ ಹೋಗಬೇಕು. ಬಲ್ಬು 60 ಅಥವಾ 100 ವ್ಯಾಟಿನ ಹಳೆಯ ಕಾಲದ ಫಿಲಮೆಂಟ್ ಬಲ್ಬೇ ಆಗಿರಬೇಕು. ಎಲ್‌ಇಡಿ, ಸಿಎಫ್‌ಎಲ್ ಎರಡೂ ಇಲ್ಲಿ ಕೆಲಸಕ್ಕೆ ಬಾರವು. ಆಂಪ್ಲಿಫೈಯರಿನೊಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು, ಒಳಗೆ ಹರಿಯುವ ಕರೆಂಟನ್ನು ತಾನೇ ತಡೆಹಿಡಿಯುತ್ತದೆ. ಎಲ್ಲವೂ ಸರಿಯಿದ್ದರೆ ಕೆಪಾಸಿಟರುಗಳು ಚಾರ್ಜ್ ಆಗುವಾಗ ಒಮ್ಮೆ ಮಿಂಚಿ ಮಂಕಾಗುತ್ತದೆ. ಇದನ್ನು ಮಾಡಿಕೊಳ್ಳಲು ಬೇಸರಪಟ್ಟು ನೇರವಾಗಿ ಪ್ಲಗ್ ಚುಚ್ಚುವವರು ಹೊಸ ಐಸಿ ಮತ್ತು ಫ್ಯೂಸ್‌ಗಳನ್ನು ಒಂದರ ಮೇಲೊಂದರಂತೆ ಸುಡುತ್ತಾರೆ.

ಬಿಚ್ಚುವ ಮೊದಲು ಮತ್ತು ಬಿಚ್ಚುವಾಗ

ಪೆಟ್ಟಿಗೆ ತೆರೆಯುವುದಕ್ಕಿಂತ ಮೊದಲು ರೋಗಲಕ್ಷಣವನ್ನು ಗುರುತಿಸಿಕೊಳ್ಳಬೇಕು. ದೀಪವೂ ಇಲ್ಲ, ಸದ್ದೂ ಇಲ್ಲ ಎಂದಾದರೆ ದೋಷ ವಿದ್ಯುತ್ ಸರಬರಾಜಿನಲ್ಲಿದೆ ಎಂದು ಊಹಿಸಬಹುದು. ಆನ್ ಮಾಡಿದ ಕೂಡಲೇ ಕೋನ್ ಒಂದೇ ಕಡೆಗೆ ಎಳೆದುಕೊಂಡು ಜೋರಾಗಿ ಗುಂಯ್‌ಗುಟ್ಟಿದರೆ ಔಟ್‌ಪುಟ್ಟಿನಲ್ಲಿ ಡಿಸಿ ಬರುತ್ತಿದೆ ಎಂದರ್ಥ. ಅದನ್ನು ತಕ್ಷಣ ಆಫ್ ಮಾಡಬೇಕು, ಮತ್ತೆ ಆನ್ ಮಾಡಬಾರದು. ದೀಪ ಉರಿಯುತ್ತಿದ್ದು ಸದ್ದು ಮಾತ್ರ ಇಲ್ಲವೆಂದರೆ ಫಿಲ್ಟರ್ ಭಾಗ, ರಿಲೇ (ಸ್ಪೀಕರನ್ನು ತಾನಾಗಿ ಜೋಡಿಸಿ ಬಿಡಿಸುವ ಸ್ವಿಚ್) ಅಥವಾ ಬೆಸುಗೆಯನ್ನು ಸಂದೇಹಿಸಬೇಕು.

ಗುಂಯ್‌ಗುಡುವ ಹಮ್ ಮಾತ್ರ ಇದ್ದರೆ ಇನ್‌ಪುಟ್ ವೈರನ್ನು ಕಿತ್ತು, ವಾಲ್ಯೂಮ್ ಪೂರ್ತಿ ಇಳಿಸಿ ಕೇಳಬೇಕು. ಆಗಲೂ ಹಮ್ ಉಳಿದರೆ ದೋಷ ಬಹುಮಟ್ಟಿಗೆ ಸಪ್ಲೈಯ ಏರಿಳಿತ ತಗ್ಗಿಸುವ ಒಳಗಿನ ಫಿಲ್ಟರ್ ಕೆಪಾಸಿಟರುಗಳದು. ನಮ್ಮ 50 ಹರ್ಟ್ಸ್ ಮೇನ್ಸ್ ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ಡಯೋಡುಗಳ ಜೋಡಣೆ) ದಾಟಿದ ಮೇಲೆ ಅದರ ಏರಿಳಿತ 100 ಹರ್ಟ್ಸ್ ಆಗಿ ಕೇಳಿಸುತ್ತದೆ. ವೈರ್ ಕಿತ್ತ ಕೂಡಲೇ ಹಮ್ ನಿಂತರೆ ಸಬ್‌ವೂಫರ್ ಆರೋಗ್ಯವಾಗಿದೆ. ಆಗ ವೈರಿನ ಶೀಲ್ಡ್ ತುಂಡಾಗಿರಬಹುದು, ಇಲ್ಲವೇ ಟಿವಿ ಅಥವಾ ಸೆಟ್‌ಟಾಪ್ ಬಾಕ್ಸಿನ ಕೇಬಲ್ ಮೂಲಕ ಗ್ರೌಂಡ್ ಲೂಪ್ (ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಆಗುವ ಸುತ್ತು) ಆಗಿರಬಹುದು. ಈ ಒಂದು ಪರೀಕ್ಷೆಯಿಂದ ಅನಗತ್ಯವಾಗಿ ಪೆಟ್ಟಿಗೆ ಬಿಚ್ಚುವುದು ತಪ್ಪುತ್ತದೆ.

ಇನ್ನು ಪ್ಲಗ್ ಕಿತ್ತು, ಫಲಕದ ಸ್ಕ್ರೂಗಳನ್ನು ತೆಗೆದು, ಸ್ಪೀಕರ್ ವೈರ್‌ಗಳ ಬಣ್ಣ ಮತ್ತು ಕನೆಕ್ಟರುಗಳ ದಿಕ್ಕನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡು, ಸ್ಪೀಕರನ್ನು ಸರ್ಕ್ಯೂಟಿನಿಂದ ಬೇರ್ಪಡಿಸಬೇಕು. ಫಲಕದ ಅಂಚಿನ ಫೋಮ್ ಪಟ್ಟಿ ಹರಿಯದಂತೆ ನೋಡಿಕೊಳ್ಳುವುದು ಅಗತ್ಯ, ಏಕೆಂದರೆ ಅದು ಹಾಳಾದರೆ ಗಾಳಿ ಸೋರಿ ಬೇಸ್ ಬಂದಾಗಲೆಲ್ಲ ಸುಯ್ಯೆನ್ನುವ ಸದ್ದು ಬರುತ್ತದೆ. ದೊಡ್ಡ ಕೆಪಾಸಿಟರುಗಳಲ್ಲಿ ಉಳಿದಿರುವ ಚಾರ್ಜನ್ನು ಸ್ಕ್ರೂಡ್ರೈವರಿನಿಂದ ಚಟ್ಟನೆ ಶಾರ್ಟ್ ಮಾಡದೆ, 1 ಕಿಲೋಓಮ್ 5 ವ್ಯಾಟಿನ ರೆಸಿಸ್ಟರನ್ನು ಇಕ್ಕಳದಲ್ಲಿ ಹಿಡಿದು ಎರಡೂ ತುದಿಗಳಿಗೆ ಕೆಲವು ಹೊತ್ತು ಒತ್ತಿ ಇಳಿಸಿ, ಮೀಟರಿನಲ್ಲಿ ಸೊನ್ನೆಗೆ ಬಂದಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಕಣ್ಣಿಗೆ ಕಾಣುವ ದೋಷಗಳು

ಸಬ್‌ವೂಫರಿನ ಸರ್ಕ್ಯೂಟ್ ತನ್ನ ಆಯುಷ್ಯವಿಡೀ ಕಂಪಿಸುವ ಪೆಟ್ಟಿಗೆಯೊಳಗೆ ಇರುತ್ತದೆ. ಟೇಪ್ ರೆಕಾರ್ಡರಿನಲ್ಲೋ ಟಿವಿಯಲ್ಲೋ ಕಾಣದಷ್ಟು ಬೆಸುಗೆ ಬಿರುಕುಗಳು ಇಲ್ಲಿ ಕಾಣುವುದು ಇದರಿಂದಲೇ. ಬೋರ್ಡನ್ನು ತಿರುಗಿಸಿ ಒಳ್ಳೆಯ ಬೆಳಕಿನಲ್ಲಿ, ಸಾಧ್ಯವಾದರೆ ಭೂತಗನ್ನಡಿ ಹಿಡಿದು, ಭಾರವಾದ ಬಿಡಿಭಾಗಗಳ ಕಾಲುಗಳನ್ನು ನೋಡಬೇಕು. ಎತ್ತರದ ಕೆಪಾಸಿಟರ್, ಇನ್‌ಪುಟ್ ವೈರ್ ಚುಚ್ಚುವ ಆರ್‌ಸಿಎ ಸಾಕೆಟ್, ವಾಲ್ಯೂಮ್ ಕಂಟ್ರೋಲ್, ಟ್ರಾನ್ಸ್‌ಫಾರ್ಮರ್ ಕನೆಕ್ಟರ್ ಇವುಗಳ ಜೊತೆಗೆ, ಒಂದು ಕಡೆ ಹೀಟ್‌ಸಿಂಕಿಗೂ ಇನ್ನೊಂದು ಕಡೆ ಬೋರ್ಡಿಗೂ ಸಿಕ್ಕಿಕೊಂಡಿರುವ ಐಸಿಯ ಕಾಲುಗಳನ್ನು ವಿಶೇಷವಾಗಿ ಗಮನಿಸಬೇಕು. ಕಾಲಿನ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ ಕಂಡರೆ ಅದು ಡ್ರೈ ಸೋಲ್ಡರ್. ಹಳೆಯ ಬೆಸುಗೆಯ ಮೇಲೆ ಹೊಸತನ್ನು ಸುರಿಯುವ ಬದಲು, ಹಳೆಯದನ್ನು ಪಂಪಿನಿಂದ ಹೀರಿ, ಫ್ಲಕ್ಸ್ ಹಚ್ಚಿ, ಹೊಸದಾಗಿ ಬೆಸೆಯಬೇಕು. ತಟ್ಟಿದರೆ ಸದ್ದು ಬಂದು ಮತ್ತೆ ಹೋಗುವ ಸೆಟ್ಟುಗಳು ಹೆಚ್ಚಾಗಿ ಈ ಹಂತದಲ್ಲೇ ಗುಣವಾಗುತ್ತವೆ.

ತಲೆ ಉಬ್ಬಿದ ಅಥವಾ ಬುಡದಲ್ಲಿ ಕಂದು ದ್ರವ ಒಸರಿದ ಎಲೆಕ್ಟ್ರೋಲೈಟಿಕ್ ಕೆಪಾಸಿಟರನ್ನು ಅಳೆದು ನೋಡುವ ಅಗತ್ಯವೂ ಇಲ್ಲ, ಬದಲಿಸಬೇಕು. ಉಬ್ಬದಿದ್ದರೂ ಹೀಟ್‌ಸಿಂಕಿನ ಪಕ್ಕ ಕುಳಿತು ಒಣಗಿರುವ ಕೆಪಾಸಿಟರುಗಳು ಇರುತ್ತವೆ. ಬಿಸಿ 10 ಡಿಗ್ರಿ ಏರಿದರೆ ಇವುಗಳ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೊಸದು 105 ಡಿಗ್ರಿಯದಾಗಿರಲಿ, ಮೈಕ್ರೋಫ್ಯಾರಡ್ ಅಳತೆ ಹಳೆಯದರಷ್ಟೇ ಅಥವಾ ಸ್ವಲ್ಪ ಮಾತ್ರ ಹೆಚ್ಚಿರಲಿ, ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆ ಇರಕೂಡದು. ಬೇಸ್ ಹೆಚ್ಚುತ್ತದೆಂಬ ಆಸೆಯಿಂದ 2200 ಇದ್ದಲ್ಲಿ 10000 ಮೈಕ್ರೋಫ್ಯಾರಡ್ ಹಾಕುವ ರೂಢಿಯಿಂದ ಆನ್ ಮಾಡಿದಾಗಲೆಲ್ಲ ಬ್ರಿಡ್ಜ್ ಮತ್ತು ಫ್ಯೂಸಿನ ಮೇಲೆ ಪೆಟ್ಟು ಬೀಳುತ್ತದೆಯೇ ಹೊರತು ಬೇಸ್ ಅಷ್ಟಾಗಿ ಬದಲಾಗುವುದಿಲ್ಲ.

ಕಾರ್ಖಾನೆಯಲ್ಲಿ ಕೆಪಾಸಿಟರುಗಳ ಬುಡಕ್ಕೆ ಹಾಕಿದ ಹಳದಿ ಗೋಂದನ್ನೂ ನೋಡಬೇಕು. ಬಿಸಿಗೆ ಅದು ಗಾಢ ಕಂದಾಗಿ, ತೇವ ಹೀರಿ, ಸ್ವಲ್ಪಮಟ್ಟಿಗೆ ವಿದ್ಯುತ್ ಹರಿಯಲು ಬಿಡುವಂತಾಗುತ್ತದೆ. ಅದರಡಿಯ ತಾಮ್ರದ ಕಾಲುಗಳನ್ನೂ ತಿನ್ನುತ್ತದೆ. ಕಂದಾದ ಭಾಗವನ್ನು ಮರದ ಕಡ್ಡಿಯಿಂದ ಕೆರೆದು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು.

ವಿದ್ಯುತ್ ದಾರಿಯ ಪರೀಕ್ಷೆ

ಫ್ಯೂಸ್ ಹೋಗಿದ್ದರೆ ಅದರ ಗಾಜೇ ಅರ್ಧ ಕಥೆ ಹೇಳುತ್ತದೆ. ಗಾಜು ಕಪ್ಪಾಗಿ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಒಳಗೆ ದೊಡ್ಡ ಶಾರ್ಟ್ ಇದೆ. ಗಾಜು ತಿಳಿಯಾಗಿದ್ದು ತಂತಿ ಮಾತ್ರ ನಡುವೆ ತುಂಡಾಗಿದ್ದರೆ ಫ್ಯೂಸ್ ಬಳಲಿ ಕಡಿದಿರಬಹುದು. ಎರಡೂ ಸಂದರ್ಭಗಳಲ್ಲಿ ಅದೇ ಆಂಪಿಯರಿನ, ಟಿ ಗುರುತಿನ ಸ್ಲೋ ಬ್ಲೋ (ನಿಧಾನವಾಗಿ ಕಡಿಯುವ ಬಗೆ) ಆಗಿದ್ದರೆ ಅಂತಹುದೇ ಫ್ಯೂಸ್ ಹಾಕಬೇಕು. ಅದರ ಜಾಗಕ್ಕೆ ತಾಮ್ರದ ತಂತಿ ಸುತ್ತಿದರೆ ಮುಂದೆ ಸುಡುವುದು ಟ್ರಾನ್ಸ್‌ಫಾರ್ಮರ್, ಅದಕ್ಕೂ ಮುಂದೆ ಮರದ ಪೆಟ್ಟಿಗೆ.

ಟ್ರಾನ್ಸ್‌ಫಾರ್ಮರಿನ ಪ್ರೈಮರಿಯನ್ನು (ಮೇನ್ಸ್ ಬದಿಯ ಸುತ್ತು) ಓಮ್ ರೇಂಜಿನಲ್ಲಿ ಅಳೆದಾಗ ಕೆಲವು ಹತ್ತು ಓಮ್‌ಗಳು ಕಾಣುವುದು ಸಹಜ. ಏನೂ ತೋರಿಸದಿದ್ದರೆ ಸುತ್ತಿನ ಹೊದಿಕೆಯ ಅಡಿಯಲ್ಲಿ ಹುದುಗಿರುವ ಥರ್ಮಲ್ ಫ್ಯೂಸ್ ಕಡಿದಿರುವ ಸಾಧ್ಯತೆ ಇದೆ. ಅದು ಕಡಿದದ್ದು ಟ್ರಾನ್ಸ್‌ಫಾರ್ಮರ್ ಮಿತಿಮೀರಿ ಕಾದಿದ್ದರಿಂದ, ಆದ್ದರಿಂದ ಅದನ್ನು ದಾಟಿಸಿ ನೇರ ಜೋಡಿಸುವ ಉಪಾಯಕ್ಕೆ ಹೋಗದೆ, ಅದೇ ವೋಲ್ಟಿನ ಹೊಸ ಟ್ರಾನ್ಸ್‌ಫಾರ್ಮರ್ ತರುವುದು ಸರಿ.

ಬ್ರಿಡ್ಜಿನ ಪ್ರತಿ ಡಯೋಡನ್ನೂ ಮೀಟರಿನ ಡಯೋಡ್ ಗುರುತಿನಲ್ಲಿ ನೋಡಿದರೆ ಒಂದು ದಿಕ್ಕಿನಲ್ಲಿ 0.5ರಿಂದ 0.7 ವೋಲ್ಟ್, ಇನ್ನೊಂದು ದಿಕ್ಕಿನಲ್ಲಿ ಏನೂ ಇಲ್ಲದಿರುವುದು ಸರಿ. ಎರಡೂ ದಿಕ್ಕಿನಲ್ಲಿ ಸೊನ್ನೆಯ ಹತ್ತಿರ ಬಂದರೆ ಅದು ಶಾರ್ಟ್. 1ಎನ್ 4007 ಇದ್ದ ಜಾಗದಲ್ಲಿ 3 ಆಂಪಿಯರಿನ 1ಎನ್ 5408 ಹಾಕಿದರೆ, ಕಾಲು ತೂತಿಗೆ ಹೊಂದುವುದಾದರೆ, ಬೋರ್ಡಿಗೆ ಒಳ್ಳೆಯದೇ ಆಗುತ್ತದೆ.

ಈಗ ಸ್ಪೀಕರ್ ಬಿಟ್ಟು, ಸೀರೀಸ್ ಬೋರ್ಡಿನ ಮೂಲಕ ಮೊದಲ ಬಾರಿಗೆ ಕರೆಂಟ್ ಕೊಡಬಹುದು. ಬಲ್ಬು ಪೂರ್ತಿ ಉರಿಯುತ್ತಲೇ ಇದ್ದರೆ ಆಫ್ ಮಾಡಿ, ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ (ಬೋರ್ಡಿನ ಬದಿಯ) ಕನೆಕ್ಟರ್ ಕಿತ್ತು ಮತ್ತೆ ನೋಡಬೇಕು. ಆಗಲೂ ಉರಿದರೆ ಟ್ರಾನ್ಸ್‌ಫಾರ್ಮರೇ ಹಾಳಾಗಿದೆ. ನಂದಿದರೆ ದೋಷ ಬ್ರಿಡ್ಜಿನಲ್ಲಿ ಅಥವಾ ಅದರ ಮುಂದಿನ ಭಾಗದಲ್ಲಿದೆ. ಬ್ರಿಡ್ಜ್ ಸರಿಯಿದ್ದರೆ ಉಳಿಯುವುದು ಹೆಚ್ಚಾಗಿ ಔಟ್‌ಪುಟ್ ಐಸಿ.

ಬಲ್ಬು ಮಂಕಾದರೆ ಎರಡು ಸಪ್ಲೈಗಳನ್ನು ಅಳೆಯಬೇಕು. 15-0-15 (ನಡುತಂತಿಯಿಂದ ಎರಡೂ ಬದಿಗೆ 15 ವೋಲ್ಟ್ ಕೊಡುವ) ಟ್ರಾನ್ಸ್‌ಫಾರ್ಮರ್ ಇದ್ದರೆ 15ನ್ನು 1.414ರಿಂದ ಗುಣಿಸಿ ಡಯೋಡಿನ ನಷ್ಟ ಕಳೆದಾಗ ಪ್ಲಸ್ 20, ಮೈನಸ್ 20 ವೋಲ್ಟಿನ ಆಸುಪಾಸು ಬರಬೇಕು. ಸೀರೀಸ್ ಬಲ್ಬಿನಿಂದಾಗಿ ಸ್ವಲ್ಪ ಕಡಿಮೆ ಕಂಡರೆ ಚಿಂತೆಯಿಲ್ಲ, ಆದರೆ ಎರಡೂ ಬದಿ ಸರಿಸುಮಾರು ಸಮನಾಗಿರಬೇಕು. ಒಂದು ಬದಿ ಇಲ್ಲದೆ ಇನ್ನೊಂದು ಮಾತ್ರ ಇದ್ದರೆ ಔಟ್‌ಪುಟ್ ಇರುವ ಬದಿಗೆ ವಾಲಿಕೊಂಡು ಸ್ಪೀಕರಿಗೆ ಡಿಸಿ ಕಳಿಸುತ್ತದೆ.

ಐಸಿ ಏಕೆ ಸಾಯುತ್ತದೆ ಎಂಬುದಕ್ಕೆ ಒಂದು ಲೆಕ್ಕ ಇಲ್ಲಿ ಹೇಳಬೇಕು. ಟಿಡಿಎ 2030ಎ ತಡೆಯಬಲ್ಲ ಗರಿಷ್ಠ ಸಪ್ಲೈ ಪ್ಲಸ್-ಮೈನಸ್ 22 ವೋಲ್ಟ್. ಮೇನ್ಸ್ 230 ಇದ್ದಾಗ 15 ಕೊಡುವ ಟ್ರಾನ್ಸ್‌ಫಾರ್ಮರ್ ಮೇನ್ಸ್ 260ಕ್ಕೆ ಏರಿದಾಗ ಸುಮಾರು 17 ಕೊಡುತ್ತದೆ, ಡಿಸಿ 23 ದಾಟುತ್ತದೆ. ಪಂಪ್‌ಸೆಟ್ಟುಗಳೆಲ್ಲ ನಿಂತ ಮೇಲೆ ವೋಲ್ಟೇಜ್ ಏರುವ ಊರುಗಳಲ್ಲಿ, ಯಾರೂ ಹಾಡು ಹಾಕದಿದ್ದರೂ ಸ್ವಿಚ್ ಆನ್ ಇದ್ದ ಮಾತ್ರಕ್ಕೆ ಐಸಿ ಹೋಗುವುದು ಹೀಗೆ. ಅಂತಹ ಕಡೆ ಟಿಡಿಎ 2030ಎ ಬದಲು ಅದೇ ಐದು ಕಾಲುಗಳ, ಅದೇ ಕ್ರಮದ ಟಿಡಿಎ 2050 ಅಥವಾ ಎಲ್‌ಎಂ 1875 ಹಾಕುವುದು ಜಾಣತನ; ಮೊದಲನೆಯದರ ಮಿತಿ ಪ್ಲಸ್-ಮೈನಸ್ 25, ಎರಡನೆಯದರದು 30. ಇದರ ಜೊತೆಗೆ 25 ವೋಲ್ಟಿನ ಫಿಲ್ಟರ್ ಕೆಪಾಸಿಟರುಗಳನ್ನು 35 ವೋಲ್ಟಿನವಾಗಿ ಬದಲಿಸಬೇಕು.

ಔಟ್‌ಪುಟ್ ಭಾಗ

ಟಿಡಿಎ 2030ಎ ಕುಟುಂಬದಲ್ಲಿ 1 ಮತ್ತು 2ನೆಯ ಕಾಲುಗಳು ಇನ್‌ಪುಟ್, 3 ಮೈನಸ್ ಸಪ್ಲೈ, 4 ಔಟ್‌ಪುಟ್, 5 ಪ್ಲಸ್ ಸಪ್ಲೈ. ಸ್ಪೀಕರ್ ಇಲ್ಲದೆ, ಇನ್‌ಪುಟ್ ಏನೂ ಕೊಡದೆ, 4ನೆಯ ಕಾಲು ಮತ್ತು ಗ್ರೌಂಡ್ ನಡುವೆ ಡಿಸಿ ಅಳೆಯಬೇಕು. 50 ಮಿಲಿವೋಲ್ಟಿನೊಳಗೆ ಇದ್ದರೆ ಆರೋಗ್ಯ. ಪ್ಲಸ್ ಅಥವಾ ಮೈನಸ್ ಸಪ್ಲೈಯಷ್ಟೇ ಬಂದರೆ, ಮತ್ತು ಎರಡೂ ಸಪ್ಲೈಗಳು 3 ಮತ್ತು 5ನೆಯ ಕಾಲಿನವರೆಗೆ ತಲುಪಿರುವುದು ಖಚಿತವಾಗಿದ್ದರೆ, ಐಸಿ ಹೋಗಿದೆ. ಈ ಅಳತೆ ಮಾಡದೆ ಸ್ಪೀಕರ್ ಜೋಡಿಸುವುದು ದುಬಾರಿ ಆತುರ: 3.4 ಓಮ್ ಇರುವ ಕಾಯಿಲಿಗೆ 20 ವೋಲ್ಟ್ ಡಿಸಿ ಸಿಕ್ಕರೆ ಹೆಚ್ಚುಕಡಿಮೆ 6 ಆಂಪಿಯರ್ ಹರಿದು, 100 ವ್ಯಾಟಿಗೂ ಮೀರಿದ ಶಾಖ ಆ ಸಣ್ಣ ತಂತಿಯಲ್ಲೇ ಹುಟ್ಟುತ್ತದೆ.

ಐಸಿ ಬದಲಿಸುವಾಗ ಹಳೆಯದರ ಕಾಲುಗಳನ್ನು ಮೊದಲು ಕಟ್ಟರಿನಿಂದ ಕತ್ತರಿಸಿ, ಮೈಯನ್ನು ತೆಗೆದು, ಆಮೇಲೆ ಒಂದೊಂದೇ ಕಾಲನ್ನು ಬಿಸಿ ಮಾಡಿ ಎಳೆದರೆ ಬೋರ್ಡಿನ ತಾಮ್ರದ ಹಾದಿ ಏಳುವುದಿಲ್ಲ. ಹೊಸದನ್ನು ಮೊದಲು ಹೀಟ್‌ಸಿಂಕಿಗೆ ಸ್ಕ್ರೂ ಹಾಕಿ ಬಿಗಿದು, ಅನಂತರ ಕಾಲುಗಳನ್ನು ಬೆಸೆಯಬೇಕು. ಈ ಕ್ರಮ ತಿರುಗುಮುರುಗಾದರೆ ಬಿಗಿಯುವಾಗಲೇ ಬೆಸುಗೆಗೆ ಒತ್ತಡ ಬಿದ್ದು ಮುಂದಿನ ಬಿರುಕಿಗೆ ಬೀಜ ಬಿತ್ತಿದಂತಾಗುತ್ತದೆ. ಐಸಿಯ ಲೋಹದ ಬೆನ್ನು 3ನೆಯ ಕಾಲಿಗೆ, ಅಂದರೆ ಮೈನಸ್ ಸಪ್ಲೈಗೆ, ಒಳಗೇ ಸೇರಿಕೊಂಡಿದೆ. ಹಾಗಾಗಿ ಡ್ಯುಯಲ್ ಸಪ್ಲೈಯಲ್ಲಿ ಮೈಕಾ ಹಾಳೆ ಮತ್ತು ಸ್ಕ್ರೂವಿನ ಪ್ಲಾಸ್ಟಿಕ್ ಬುಷ್ ಎರಡೂ ಬೇಕು. ಬಿಗಿದ ಮೇಲೆ ಐಸಿಯ ಬೆನ್ನಿಗೂ ಹೀಟ್‌ಸಿಂಕಿಗೂ ನಡುವೆ ಸಂಪರ್ಕ ಇಲ್ಲವೆಂದು ಮೀಟರಿನಲ್ಲಿ ನೋಡಿಕೊಳ್ಳಬೇಕು. ಪೇಸ್ಟನ್ನು ತೆಳುವಾಗಿ ಸವರಿದರೆ ಸಾಕು.

ಔಟ್‌ಪುಟ್ಟಿನಿಂದ ಗ್ರೌಂಡಿಗೆ ಹೋಗುವ ಒಂದು ಸಣ್ಣ ರೆಸಿಸ್ಟರ್ ಮತ್ತು ಕೆಪಾಸಿಟರಿನ ಜೋಡಿ ಇರುತ್ತದೆ. ರೆಸಿಸ್ಟರ್ 1ರಿಂದ 10 ಓಮ್, ಕೆಪಾಸಿಟರ್ 0.1 ಅಥವಾ 0.22 ಮೈಕ್ರೋಫ್ಯಾರಡ್. ಈ ರೆಸಿಸ್ಟರ್ ಕರಕಲಾಗಿದ್ದರೆ ಐಸಿಯು ಕಿವಿಗೆ ಕೇಳದ ಆವರ್ತನದಲ್ಲಿ ಆಸಿಲೇಟ್ ಆಗುತ್ತಿತ್ತು, ಅಂದರೆ ತಾನೇ ತಾನಾಗಿ ಕಂಪಿಸುತ್ತಿತ್ತು ಎಂದು ತಿಳಿಯಬೇಕು. ಅದನ್ನು ಹಾಗೆಯೇ ಬಿಟ್ಟು ಐಸಿ ಮಾತ್ರ ಬದಲಿಸಿದವರಿಗೆ ಅದೇ ಐಸಿ ಮತ್ತೆ ಬೇಕಾಗುತ್ತದೆ.

ಟಿಡಿಎ 7294 ಇರುವ ಬೋರ್ಡಿನಲ್ಲಿ ಐಸಿಯನ್ನು ದೂರುವ ಮೊದಲು 9 ಮತ್ತು 10ನೆಯ ಕಾಲುಗಳನ್ನು ಅಳೆಯಬೇಕು. ಸ್ಟ್ಯಾಂಡ್‌ಬೈ ಮತ್ತು ಮ್ಯೂಟ್ ಆಗಿರುವ ಇವೆರಡರಲ್ಲೂ 3.5 ವೋಲ್ಟಿಗಿಂತ ಹೆಚ್ಚಿದ್ದಾಗ ಮಾತ್ರ ಅದು ಸದ್ದು ಮಾಡುತ್ತದೆ. ಅಲ್ಲಿನ ಸಣ್ಣ ಕೆಪಾಸಿಟರ್ ಸೋರಿದರೆ, ಪೂರ್ತಿ ಆರೋಗ್ಯವಾಗಿರುವ ಐಸಿಯೂ ಮೂಕವಾಗಿ ಕುಳಿತಿರುತ್ತದೆ.

ಐಸಿ ಕೊಳ್ಳುವಾಗ ಎಚ್ಚರ ಬೇಕು. ನಕಲಿ ಐಸಿಗಳು ಎಲ್ಲೆಡೆ ಹರಡಿವೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಮಾರುಕಟ್ಟೆಯಾದ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಅಸಲಿ ಬೇಕೆಂದು ಕೇಳಿ ತೆಗೆದುಕೊಳ್ಳಬೇಕು, ತೀರಾ ಅಗ್ಗದ್ದನ್ನು ನಂಬಬಾರದು. ಬರೆಹ ಮಸುಕಾಗಿರುವುದು, ಬೆರಳಿನಿಂದ ಉಜ್ಜಿದರೆ ಅಳಿಸುವುದು ಕೆಟ್ಟ ಸೂಚನೆಗಳು.

ಸಪ್ಲೈ ಮತ್ತು ಐಸಿ ಸರಿಯಿದ್ದೂ ಸದ್ದಿಲ್ಲದಿದ್ದರೆ

4558 ಐಸಿಯ 8ನೆಯ ಕಾಲಿಗೆ ಪ್ಲಸ್, 4ನೆಯ ಕಾಲಿಗೆ ಮೈನಸ್ 12ರಿಂದ 15 ವೋಲ್ಟ್ ಬರಬೇಕು. 1 ಮತ್ತು 7ನೆಯ ಕಾಲುಗಳಾದ ಔಟ್‌ಪುಟ್‌ಗಳು ಸೊನ್ನೆಯ ಹತ್ತಿರ ಇರಬೇಕು. ದೊಡ್ಡ ಪ್ಲೇಟ್ ಆಂಪ್ಲಿಫೈಯರುಗಳಲ್ಲಿ (ಹಿಂಭಾಗದ ಫಲಕಕ್ಕೇ ಕೂರಿಸಿದವು) ಈ 15 ವೋಲ್ಟನ್ನು ಒಂದು ರೆಸಿಸ್ಟರ್ ಮತ್ತು ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಜೀನರ್ ಡಯೋಡಿನಿಂದ ಇಳಿಸಿರುತ್ತಾರೆ, ಮತ್ತು ನನ್ನ ಅಭಿಪ್ರಾಯದಲ್ಲಿ ಇಡೀ ಬೋರ್ಡಿನಲ್ಲಿ ಇಷ್ಟು ಜಿಪುಣತನದಿಂದ ಮಾಡಿದ ಭಾಗ ಇನ್ನೊಂದಿಲ್ಲ. 35 ವೋಲ್ಟಿನಿಂದ 15ಕ್ಕೆ 1 ಕಿಲೋಓಮ್ ಮೂಲಕ ಇಳಿಸಿದರೆ 20 ಮಿಲಿಆಂಪಿಯರ್ ಹರಿದು ರೆಸಿಸ್ಟರಿನಲ್ಲಿ 0.4 ವ್ಯಾಟ್ ಶಾಖ ಹುಟ್ಟುತ್ತದೆ. ಅಲ್ಲಿ ಅರ್ಧ ವ್ಯಾಟಿನ ರೆಸಿಸ್ಟರ್ ಇದ್ದರೆ ಅದು ಹಗಲಿರುಳು ಕಾದು, ಬೋರ್ಡನ್ನು ಕಪ್ಪಾಗಿಸಿ, ಪಕ್ಕದ ಕೆಪಾಸಿಟರನ್ನು ಒಣಗಿಸಿ, ಕೊನೆಗೆ ತಾನೂ ಕಡಿಯುತ್ತದೆ. ಅಷ್ಟೇ ಓಮಿನ 2 ವ್ಯಾಟಿನದನ್ನು ಬೋರ್ಡಿನಿಂದ ಬೆರಳಿನ ದಪ್ಪದಷ್ಟು ಎತ್ತರಿಸಿ ಬೆಸೆದರೆ ಈ ತೊಂದರೆ ಮರುಕಳಿಸುವುದಿಲ್ಲ.

ಸಿಗ್ನಲ್ ಎಲ್ಲಿ ತಪ್ಪುತ್ತಿದೆ ಎಂದು ಹುಡುಕಲು ಫೋನಿನಲ್ಲಿ ಟೋನ್ ಜನರೇಟರ್ ಆಪ್ ಹಾಕಿ 70 ಹರ್ಟ್ಸ್ ಕೊಡುವುದು ಅನುಕೂಲ. 50 ಬೇಡ, ಏಕೆಂದರೆ ಮೇನ್ಸ್ ಹಮ್ ಜೊತೆ ಗೊಂದಲವಾಗುತ್ತದೆ. ಮಿಲಿವೋಲ್ಟ್ ಎಸಿ ತೋರಿಸುವ ಮೀಟರಿದ್ದರೆ ಆರ್‌ಸಿಎ ಸಾಕೆಟ್, ವಾಲ್ಯೂಮ್ ಕಂಟ್ರೋಲಿನ ನಡುಗಾಲು, 4558ರ ಔಟ್‌ಪುಟ್, ಔಟ್‌ಪುಟ್ ಐಸಿಯ 1ನೆಯ ಕಾಲು ಹೀಗೆ ಕ್ರಮವಾಗಿ ನೋಡುತ್ತ ಹೋಗಬಹುದು. ಇಲ್ಲದಿದ್ದರೆ ಹಳೆಯ ಕಂಪ್ಯೂಟರ್ ಸ್ಪೀಕರಿನ ಇನ್‌ಪುಟ್ ವೈರಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 10 ಕಿಲೋಓಮ್ ರೆಸಿಸ್ಟರ್ ಸಾಲಾಗಿ ಸೇರಿಸಿ ಅದನ್ನೇ ಕಿವಿಯಾಗಿ ಬಳಸಬಹುದು. ಆ ಸಣ್ಣ ಸ್ಪೀಕರಿನಲ್ಲಿ 70 ಹರ್ಟ್ಸ್ ಸರಿಯಾಗಿ ಕೇಳದಿದ್ದರೆ 150ಕ್ಕೆ ಏರಿಸಬೇಕು. ವಾಲ್ಯೂಮ್ ತಿರುಗಿಸುವಾಗ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹಲವು ಬಾರಿ ತಿರುಗಿಸುವುದು ಸಾಕು.

ರಿಲೇ ಇರುವ ಬೋರ್ಡಿನಲ್ಲಿ ಟಿಕ್ ಎಂಬ ಸದ್ದು ಬಂದೂ ಸ್ಪೀಕರ್ ಮೌನವಾಗಿದ್ದರೆ ರಿಲೇಯ ಕಾಂಟ್ಯಾಕ್ಟ್ ಕರಿದಾಗಿರಬಹುದು. ಟಿಕ್ ಸದ್ದೇ ಬಾರದಿದ್ದರೆ ಅದು ಔಟ್‌ಪುಟ್ಟಿನಲ್ಲಿ ಡಿಸಿ ಕಂಡು ಸ್ಪೀಕರನ್ನು ಕಾಯುತ್ತಿರಬಹುದು. ರಿಲೇಯನ್ನು ತಂತಿಯಿಂದ ದಾಟಿಸಿ ಸದ್ದು ಬರಿಸುವುದು ದುರಸ್ತಿಯಲ್ಲ.

ಎಸ್‌ಎಂಪಿಎಸ್ ಮತ್ತು ಕ್ಲಾಸ್ ಡಿ

ಟ್ರಾನ್ಸ್‌ಫಾರ್ಮರ್ ಬದಲು ಎಸ್‌ಎಂಪಿಎಸ್ ಇದ್ದರೆ ಅದರ ದೊಡ್ಡ 400 ವೋಲ್ಟಿನ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಮತ್ತು ಪ್ಲಗ್ ಕಿತ್ತ ಮೇಲೂ ಉಳಿಯಬಹುದು. ಇದು ಪ್ರಾಣಾಪಾಯದ ಮಟ್ಟ. ಆರಂಭಿಕರು ಇಲ್ಲಿ ಕರೆಂಟ್ ಕೊಟ್ಟು ಅಳತೆ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. 4.7 ಕಿಲೋಓಮ್ 10 ವ್ಯಾಟ್ ರೆಸಿಸ್ಟರಿನಿಂದ ಚಾರ್ಜ್ ಇಳಿಸಿ, ಮೀಟರಿನಲ್ಲಿ ಖಚಿತಪಡಿಸಿಕೊಂಡು, ಉಬ್ಬಿದ ಕೆಪಾಸಿಟರುಗಳನ್ನೂ ಕಂಟ್ರೋಲ್ ಐಸಿಯ ಪಕ್ಕದ 22 ಅಥವಾ 47 ಮೈಕ್ರೋಫ್ಯಾರಡಿನ ಸಣ್ಣದನ್ನೂ ಬದಲಿಸುವವರೆಗೆ ಹೋಗಬಹುದು. ಟಿಕ್ ಟಿಕ್ ಎನ್ನುತ್ತ ಶುರುವಾಗದ ಸಪ್ಲೈಗಳಲ್ಲಿ ಆ ಸಣ್ಣದೇ ಕಾರಣವಾಗಿರುವುದುಂಟು. ಅದಕ್ಕೂ ಬಗ್ಗದಿದ್ದರೆ ಅದೇ ವೋಲ್ಟಿನ ಸಿದ್ಧ ಸಪ್ಲೈ ಬೋರ್ಡ್ ತರುವುದು ಮೇಲು. ಟಿಪಿಎ 3116 ಮುಂತಾದ ಕ್ಲಾಸ್ ಡಿ (ವೇಗದ ಸ್ವಿಚಿಂಗಿನಿಂದ ವರ್ಧಿಸುವ) ಐಸಿಗಳಲ್ಲಿ ಸ್ಪೀಕರಿನ ಎರಡು ತಂತಿಗಳಲ್ಲಿ ಯಾವುದೂ ಗ್ರೌಂಡಲ್ಲ, ಎರಡರಲ್ಲೂ ಸಪ್ಲೈಯ ಅರ್ಧದಷ್ಟು ಡಿಸಿ ಇರುವುದು ಸಹಜ. ಆದ್ದರಿಂದ ಡಿಸಿಯನ್ನು ಆ ಎರಡು ತಂತಿಗಳ ನಡುವೆಯೇ ಅಳೆಯಬೇಕು, ಮತ್ತು ಯಾವ ತಂತಿಯನ್ನೂ ಚಾಸಿಗೆ ತಾಗಿಸಬಾರದು.

ಸ್ಪೀಕರ್ ಪರೀಕ್ಷೆ ಮತ್ತು ಮರುಜೋಡಣೆ

ಸ್ಪೀಕರನ್ನು ಮರಳಿ ಜೋಡಿಸುವ ಮೊದಲು ಅಳೆಯಬೇಕು. 4 ಓಮಿನದು 3.2ರಿಂದ 3.6, 8 ಓಮಿನದು 6ರಿಂದ 7 ತೋರಿಸಬೇಕು. 1 ಓಮ್ ಬಂದರೆ ಕಾಯಿಲಿನ ಸುತ್ತುಗಳು ಒಂದಕ್ಕೊಂದು ಅಂಟಿವೆ; ಹಳೆಯ ಐಸಿಯ ಸಾವಿಗೆ ಅದೇ ಕಾರಣವಿರಬಹುದು. ಕೋನನ್ನು ಎರಡು ಬದಿಯಿಂದ ಸಮನಾಗಿ ಮೆಲ್ಲಗೆ ಒತ್ತಿದಾಗ ಉಜ್ಜುವ ಸದ್ದು ಬಂದರೂ ಸ್ಪೀಕರನ್ನು ಬದಲಿಸಬೇಕು. 1.5 ವೋಲ್ಟಿನ ಸೆಲ್ ಕ್ಷಣಮಾತ್ರ ತಾಗಿಸಿದಾಗ ಕೋನ್ ಹೊರಗೆ ಚಿಮ್ಮಿದರೆ, ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಸ್ಪೀಕರಿನ ಪ್ಲಸ್.

ಜೋಡಿಸಿದ ಮೇಲೆ ಸೀರೀಸ್ ಬೋರ್ಡಿನ ಮೂಲಕವೇ ಕಡಿಮೆ ವಾಲ್ಯೂಮಿನಲ್ಲಿ ನುಡಿಸಿ ನೋಡಿ, ಆನಂತರ ನೇರ ಸಾಕೆಟ್ಟಿಗೆ ಹಾಕಿ ಒಂದು ಗಂಟೆ ಮಧ್ಯಮ ಮಟ್ಟದಲ್ಲಿ ಬಿಡಬೇಕು. ನಡುನಡುವೆ ಆಫ್ ಮಾಡಿ ಹೀಟ್‌ಸಿಂಕ್ ಮುಟ್ಟಿದರೆ ಬಿಸಿ ಇರಲಿ, ಕೈ ಇಡಲಾಗದಷ್ಟು ಬಿಸಿ ಇರಬಾರದು. ಫಲಕ ಮುಚ್ಚುವ ಮುನ್ನ ಎತ್ತರದ ಕೆಪಾಸಿಟರುಗಳ ಬುಡಕ್ಕೆ ಸಿಲಿಕೋನ್ ಹಾಕಿ ಕಂಪನಕ್ಕೆ ಅಲುಗದಂತೆ ಮಾಡಬೇಕು; ವಿನೆಗರಿನಂತೆ ಹುಳಿವಾಸನೆ ಬರುವ ಸಿಲಿಕೋನ್ ತಾಮ್ರವನ್ನು ತಿನ್ನುವುದರಿಂದ ವಾಸನೆಯಿಲ್ಲದ ನ್ಯೂಟ್ರಲ್ ಬಗೆಯದನ್ನು ತರಬೇಕು. ವೈರ್‌ಗಳನ್ನು ಕೋನಿನ ಹಿಂಭಾಗಕ್ಕೆ ತಾಗದಂತೆ ಟೈ ಹಾಕಿ ಕಟ್ಟಿ, ಫೋಮ್ ಪಟ್ಟಿಯನ್ನು ಸ್ವಸ್ಥಾನದಲ್ಲಿ ಕೂರಿಸಿ, ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸರದಿಯಂತೆ ಬಿಗಿಯಬೇಕು. ಸಿಲಿಕೋನ್ ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕಾಗುವುದರಿಂದ ಅಲ್ಲಿಯವರೆಗೆ ಜೋರಾದ ಬೇಸ್ ಕೊಡಬಾರದು.